ಯಾವ ನೀಲಿ

ಇಪ್ಪತ್ನಾಲ್ಕಕ್ಕೆ ಒಂದರ ಅಳತೆ.
ರೆಕ್ಕೆಯ ತುದಿಯಿಂದ ತುದಿಗೆ
ಮೊಳದ ಮೇಲೆ ಎರಡು ಬೆರಳು.
ಊಟದ ಮೇಜು ಹೋದ ನವೆಂಬರಿನಿಂದ ನಮ್ಮದಲ್ಲ,
ತಟ್ಟೆ ತೊಡೆಯ ಮೇಲೆ.

ಮೊದಲು ಎಂಜಿನ್ನು.
ಮುಚ್ಚಳ ಕೂತ ಮೇಲೆ ಯಾರಿಗೂ ಕಾಣದ ತಂತಿಗಳನ್ನು
ಸೀಸದ ಎಳೆಯಲ್ಲಿ ಹೊಸೆದು, ಉಸಿರು ಬಿಗಿಹಿಡಿದು,
ಒಂದೊಂದಾಗಿ ಕೂರಿಸಿದೆ.
"ಕಾಣದ್ದಕ್ಕೆ ಯಾಕಿಷ್ಟು?" ಅಂದಳು ಅಮ್ಮ.
"ನಿನ್ನ ಜಪ ಯಾರಿಗೆ ಕಾಣುತ್ತೆ?" ಅಂದೆ.
ಸುಮ್ಮನಾದಳು. ನಾನು ಗೆದ್ದೆನೆಂದಲ್ಲ,
ಮಣಿಯ ಎಣಿಕೆ ತಪ್ಪಿತ್ತು.

ಬೋರ್ಮ್ಲಾದ ಹಡಗುಕಟ್ಟೆಯಲ್ಲಿ ಮೂವತ್ತೊಂದು ವರ್ಷ
ಬಣ್ಣ ಬಳಿದವನು ನಾನು, ವಿಸ್ಟಿನ್.
ಬೂದಿನಲ್ಲೇ ಹದಿನಾರು ಬೂದು ಗೊತ್ತು:
ಉಪ್ಪು ತಿಂದ ಬೂದು, ಹಬೆ ಕುಡಿದ ಬೂದು,
ಸಂಬಳ ತಡವಾದ ತಿಂಗಳು
ತೆಳ್ಳಗೆ ಬಳಿದು ಕೈತೊಳೆದುಕೊಂಡ ಬೂದು.
ಆದರೆ ಈ ನೀಲಿ?

ಮರುಭೂಮಿಯ ಮಣ್ಣುಬಣ್ಣ ಹೊದ್ದು ಹೊರಟ ವಿಮಾನಗಳಿಗೆ
ನಡುಸಮುದ್ರದಲ್ಲಿ, ಹಡಗಿನ ಬೆನ್ನ ಮೇಲೆ,
ಸಿಕ್ಕ ಡಬ್ಬದಿಂದ ಸಿಕ್ಕ ನೀಲಿ ಬಳಿದರಂತೆ.
ಡಬ್ಬ ಯಾವುದೆಂದು ಬರೆದಿಟ್ಟವರಿಲ್ಲ.
ಫೋಟೋಗಳೆಲ್ಲ ಕಪ್ಪು ಬಿಳುಪು.
ನಾತ್ಸ್ಯು ಆಣೆಯಿಟ್ಟು ಹೇಳುತ್ತಾನೆ, ಕಡುನೀಲಿ.
ಬೂದು ಬೆರೆತ ನೀಲಿ ಎನ್ನುವ ರೊಜಾರ್ಯು
ಅವನೊಡನೆ ಮಾತು ಬಿಟ್ಟು ಎರಡು ಈಸ್ಟರ್ ಕಳೆಯಿತು.
ನಾನು ಏಳು ನೀಲಿ ಕಲಸಿ
ಚೀಸಿನ ಡಬ್ಬದ ಮುಚ್ಚಳಗಳಿಗೆ ಬಳಿದು
ಮರದ ಗ್ಯಾಲರಿಯ ಕಿಟಕಿಯಲ್ಲಿ ಒಣಗಲಿಟ್ಟೆ.
ಕೆಳಗಿನ ಬಂದರಿನ ನೀರು
ಒಂದನ್ನೂ ಒಪ್ಪಲಿಲ್ಲ.

ಕಣ್ಣಾರೆ ಕಂಡವಳು ಮನೆಯಲ್ಲೇ ಇದ್ದಾಳೆ.
ತೊಂಬತ್ತಕ್ಕೆ ಒಂದು ಕಡಿಮೆ. ಆಗ ಏಳು.
"ಅಮ್ಮಾ, ಯಾವ ನೀಲಿ?"
ಮುಚ್ಚಳಗಳನ್ನು ಎರಡು ಬೆರಳಲ್ಲಿ ಮುಟ್ಟಿ ನೋಡಿದಳು,
ಅಂಗಡಿಯಲ್ಲಿ ಅರಿವೆ ನೋಡುವ ಹಾಗೆ.
"ನಾವೆಲ್ಲಿ ಆಕಾಶ ನೋಡಿದೆವೋ?
ಬಂಡೆ ಕೊರೆದ ಬಿಲದಲ್ಲಿದ್ದೆವು.
ಆಗಿನ ಆಕಾಶಕ್ಕೆ ಉಳಿಯ ಗುರುತಿತ್ತು,
ಕತ್ತಿನ ಮೇಲೆ ನೀರು ತೊಟ್ಟಿಕ್ಕುತ್ತಿತ್ತು.
ನಮಗೆ ಸದ್ದೇ ಬಣ್ಣ.
ಅವರದ್ದು ಏರಿ ಇಳಿಯುವ ಗುಂಗು,
ಇದು ಹೊಸ ಬಟ್ಟೆ ಹರಿದ ಹಾಗೆ."

ಬ್ರಷ್ಷು ತೊಳೆಯಲು ಎದ್ದೆ.

"ಒಂದು ಸಲ," ಅಂದಳು,
"ಸೀಮೆಎಣ್ಣೆ ಸಾಲಿನಲ್ಲಿದ್ದೆ, ತಗಡಿನ ಡಬ್ಬ ಹಿಡಿದು.
ಮಾಳಿಗೆಯ ಮಟ್ಟದಲ್ಲೇ ಬಂತು, ಒಂದು ಮಗ್ಗುಲಿಗೆ ವಾಲಿ.
ಎಲ್ಲರೂ ನೆಲಕ್ಕೆ ಬಿದ್ದರು. ನಾನು ಬೀಳಲಿಲ್ಲ.
ಗಾಜು ಹಿಂದಕ್ಕೆ ಸರಿಸಿದ್ದ,
ಮುಖವಾಡ ಗದ್ದದ ಕೆಳಗೆ ಜೋತಿತ್ತು. ಹುಡುಗ.
ಏನೋ ಅಗಿಯುತ್ತಿದ್ದ."

"ಏನು?"

"ಅದೇ! ಅದನ್ನೇ ಇಷ್ಟು ವರ್ಷ!
ನಮಗೆ ದಿನಕ್ಕೆ ಅಂಗೈಯಷ್ಟು ಬ್ರೆಡ್ಡು.
ಅವನು ಬದುಕಿದನೋ ಇಲ್ಲವೋ, ಒಂದು ದಿನ ಯೋಚಿಸಲಿಲ್ಲ,
ಪಾಪ ಅಂತ ಪಾದ್ರಿಗೂ ಹೇಳಿದ್ದೇನೆ.
ಕೆನ್ನೆಯೊಳಗೆ ಏನಿತ್ತು ಅವನಿಗೆ?
ನೀಲಿಯಂತೆ, ನೀಲಿ."

ರಾತ್ರಿ ಪೈಲಟನನ್ನು ಚಿಮಟದಲ್ಲಿ ಎತ್ತಿದೆ.
ಪೆಟ್ಟಿಗೆಯ ಜೊತೆಗೇ ಬಂದವನು, ಕಡಲೆಕಾಳಿನಷ್ಟು ತಲೆ,
ಕಾರ್ಖಾನೆಯ ಅಚ್ಚಿನ ಬಿಗಿದ ತುಟಿ,
ಊಟ ಮುಗಿಸಿ ಬಂದವನ ಗಂಭೀರ ಶೌರ್ಯ.
ಸೂಜಿಯ ಮೊನೆಯಲ್ಲಿ ಪುಟ್ಟಿ ತೆಗೆದು
ಒಂದು ಕೆನ್ನೆ ಉಬ್ಬಿಸಿದೆ.
ಮೂರು ಸಲ ಉದುರಿತು.
ನಾಲ್ಕನೆಯದು ನಿಂತಿತು.
ಬಂದೂಕಿನ ಬಾಯಿಗಳಿಗೆ ಕೆಂಪು ತೇಪೆ ಹಚ್ಚಿದೆ.
ಏಳರಲ್ಲಿ ಒಂದು ನೀಲಿ, ಕೈಗೆ ಹತ್ತಿರವಿದ್ದದ್ದು,
ರೆಕ್ಕೆಗೆ ಬಳಿದೂ ಆಯಿತು.
ಯಾವುದೆಂದು ನಾನೂ ಬರೆದಿಡಲಿಲ್ಲ.

ಬೆಳಿಗ್ಗೆ ಭೂತಗನ್ನಡಿ ಹಿಡಿದು ಬಾಗಿದಳು ಚೆನ್ಸಾ,
ಕಾಫಿ ಆರಿ ಕೆನೆಗಟ್ಟುವವರೆಗೆ.
"ಈ ಕೆನ್ನೆಯಲ್ಲ," ಅಂದಳು.
"ಆಚೆಯದು."

ಸೂಜಿ ಇಲ್ಲೇ ಎಲ್ಲೋ ಇತ್ತು.