ತಿರುಗಿಸಿ ಹೊಲಿದ ಕೋಟು

ಮೇ ತಿಂಗಳ ಒಂದು ರಾತ್ರಿ ನಮ್ಮ ಗಡಿಯಾರಗಳನ್ನೆಲ್ಲ
ಒಂದು ಗಂಟೆ ನಲವತ್ತು ನಿಮಿಷ ಮುಂದಕ್ಕೆ ತಳ್ಳಿದರು.
ಬರ್ಲಿನ್ನಿನಲ್ಲಿ ಎಷ್ಟೋ ಊಡರ್‌ಹೂಕಿನಲ್ಲೂ ಅಷ್ಟೇ.
ಕೋಳಿಗಳು ಒಪ್ಪಲಿಲ್ಲ. ಕಡಲಿನ ಇಳಿತ ಒಪ್ಪಲಿಲ್ಲ.
ಮೇಯರ್ ಮರೀನುಸ್ ಹುಯಿಸೆನ್ ಒಪ್ಪಿ ಸಹಿ ಹಾಕಿ
ತಮ್ಮ ಜೇಬಿನ ಗಡಿಯಾರವನ್ನು ಮಾತ್ರ
ಹಳೆಯ ಹೊತ್ತಿಗೇ ಬಿಟ್ಟುಕೊಂಡರು.

ನನಗಾಗ ಇಪ್ಪತ್ತೆರಡು. ಕಾರ್ಡು ಬರೆಯುವ ಕೆಲಸ.
ತಲೆಗೊಂದು ಕಾರ್ಡು: ಹುಟ್ಟು, ಕಸುಬು, ಬೀದಿ, ಮತ.
ಆ ಕೊನೆಯ ಮನೆಯನ್ನು ಯಾರೂ ಬಂದೂಕು ಹಿಡಿದು ತುಂಬಿಸಲಿಲ್ಲ,
ಯುದ್ಧಕ್ಕೆ ಎಷ್ಟೋ ಮೊದಲೇ ನಾವೇ ತುಂಬಿದ್ದೆವು, ಅಚ್ಚುಕಟ್ಟಾಗಿ.

"ನಾನು ಎದ್ದರೆ ಈ ಕುರ್ಚಿ ಖಾಲಿ ಉಳಿಯೋದಿಲ್ಲ, ಯಾಕೊಮೀನಾ.
ಗೊಬ್ಬರದ ವ್ಯಾಪಾರಿ ಕ್ರೈನ್
ಕಪ್ಪಂಗಿ ಹೊಲಿಸಿಟ್ಟುಕೊಂಡು ಕಾಯ್ತಿದ್ದಾನೆ."
ಸುಳ್ಳಲ್ಲ. ನಾನೇ ನೋಡಿದ್ದೆ ಆ ಅಂಗಿಯನ್ನು, ತಂತಿಯ ಮೇಲೆ ಒಣಗುವಾಗ.

ಹಾಗಾಗಿ ಕುಳಿತರು. ಸೈಕಲ್ ಕೇಳಿದರು: ನಲವತ್ತು.
ಮೂವತ್ತೊಂದು ಕೊಟ್ಟರು. ಒಂಬತ್ತು
ಅದೇ ವಾರ ಕಾಲುವೆಯಲ್ಲಿ ಮುಳುಗಿದವು ಎಂದು ನನ್ನ ಕೈಲಿ ಬರೆಸಿದರು.
ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು
ಊರು ಹಿಂಬಾಗಿಲಲ್ಲಿ ನಕ್ಕಿತು.

ಆ ಚಳಿಗಾಲ ಬಟ್ಟೆ ಸಿಗುತ್ತಿರಲಿಲ್ಲ.
ಅವರ ಸವೆದ ಕೋಟನ್ನು ದರ್ಜಿ ಹಾರ್ತೊಗ್ ವೈನ್‌ಬರ್ಖ್
ಹೊಲಿಗೆ ಹೊಲಿಗೆ ಬಿಚ್ಚಿ, ಒಳಮೈ ಹೊರಗೆ ಮಾಡಿ ಮತ್ತೆ ಹೊಲಿದ.
ಹೊಸದೇ ಅನ್ನಬೇಕು. ಒಂದೇ ಕೊರೆ:
ಎಡದ ಎದೆಜೇಬು ಬಲಕ್ಕೆ ಬಂದಿತ್ತು.
"ಬಟ್ಟೆಗೆ ಎರಡು ಮುಖ, ಸ್ವಾಮಿ, ಜೇಬಿಗೆ ಒಂದೇ,"
ಅಂದ, ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು.

ಮಾರ್ಚಿನಲ್ಲಿ ಬಂತು ಆ ಕಾಗದ.
ವೈನ್‌ಬರ್ಖ್ ಕುಟುಂಬ, ಐದು ತಲೆ, ಆಮ್‌ಸ್ಟರ್‌ಡ್ಯಾಮಿಗೆ.
ಮನೆಯ ಕೀಲಿ ಪುರಸಭೆಗೆ.
ಪೊಲೀಸನ ಕೈಲಿ ಕಳಿಸಬಹುದಿತ್ತು. ತಾವೇ ಹೋದರು.
ಟೋಪಿ ತೆಗೆದರು. ಓದಿ ಹೇಳಿದರು.
ಕೋಟಿನ ಬಾಕಿ ನೆನಪಾಗಿ ನೋಟು ಚಾಚಿದರು.
ವೈನ್‌ಬರ್ಖ್ ಚಿಲ್ಲರೆ ಎಣಿಸಿ ವಾಪಸು ಕೊಟ್ಟ.
ಗಡಿಯಾರ ತೆಗೆದು ನೋಡಿ "ಇನ್ನೂ ಹೊತ್ತಿದೆ" ಅಂದರಂತೆ ಮೇಯರ್.
ಓಡು ಅಂದರೋ, ನಿಧಾನಕ್ಕೆ ಗಂಟು ಕಟ್ಟು ಅಂದರೋ.
ದೋಣಿ ಹೊಸ ಹೊತ್ತಿಗೆ ಬಂತು.
ಐವರೂ ಹತ್ತಿದರು. ಚಿಕ್ಕವಳು ಬೆಕ್ಕಿನ ಬುಟ್ಟಿ ಇಳಿಸಿ ಹೋದಳು.
ಕೀಲಿ ನನ್ನ ಡ್ರಾಯರಿಗೆ ಬಂತು.
ಐದು ಕಾರ್ಡಿನ ಮೇಲೂ ಬರೆದೆ: ಊರು ಬಿಟ್ಟವರು.

ಆಮೇಲೆ ಚರ್ಚಿನ ಗಂಟೆ ಹೋಯಿತು. ಇಳಿಸುವಾಗ ಹೆಂಗಸರು
ಮಾರಿದ ಹಸುವಿನ ಮೈ ಸವರಿದ ಹಾಗೆ ಅದನ್ನು ಸವರಿದರು.
ಆಮೇಲೆ ಕಂದಕ ತೋಡಲು ಅರವತ್ತು ಗಂಡಸರ ಪಟ್ಟಿ.
ರಾತ್ರಿಯಿಡೀ ಕೂತು ಇಪ್ಪತ್ತಮೂರು ಹೆಸರು ಹೊಡೆದುಹಾಕಿದರು:
ಇವನಿಗೆ ಕ್ಷಯ, ಇವನಿಗೆ ಅಪಸ್ಮಾರ, ಇವನು ಸತ್ತ
(ಸತ್ತವನು ನಾಳೆ ಬೆಳಿಗ್ಗೆ ಹಾಲು ತಂದು ಕೊಟ್ಟ).
ಬೆಳಗಿನ ಜಾವ ಅವರ ಕೈ ನಡುಗುತ್ತಿತ್ತು.
ಅದನ್ನೂ ನಾನು ಹೇಳಲೇಬೇಕು.

ಬಿಡುಗಡೆಯಾಯಿತು. ಶಾಲೆಯ ಕೋಣೆಯಲ್ಲಿ ವಿಚಾರಣೆ.
ಇಪ್ಪತ್ತಮೂರು ಮನೆಯವರು ಬಂದರು, ಕೆಲವರು ಮೊಟ್ಟೆ ಹಿಡಿದು.
ಐವರ ಕಡೆಯ ಬೆಂಚಿನ ಮೇಲೆ
ಯಾರೋ ತಮ್ಮ ಕೊಡೆಗಳನ್ನು ಇಟ್ಟರು.
"ಆ ದಿನ ದೋಣಿ ಬಿಟ್ಟದ್ದು ಎಷ್ಟು ಹೊತ್ತಿಗೆ?"
ಮೇಯರರ ಕೈ ಎಡ ಎದೆಗೆ ಹೋಯಿತು, ಅಭ್ಯಾಸಬಲ.
ಅಲ್ಲಿ ಜೇಬಿರಲಿಲ್ಲ. ಬರೀ ಬಟ್ಟೆಯನ್ನು ತಡವಿದರು,
ತಡವುತ್ತಲೇ ಇದ್ದರು.

ಅರ್ಧ ಪಿಂಚಣಿ ಕಡಿತ, ಒಂದು ಛೀಮಾರಿ. ಏಳು ವರ್ಷಕ್ಕೆ ಹೋದರು.

ಈಗ ಬೀದಿಗೆ ಅವರ ಹೆಸರಿಡಬೇಕೆ ಎಂದು ಚರ್ಚೆ.
ಪುರಸಭೆಯ ಹುಡುಗ ಬಂದು ಕೇಳಿದ:
ಒಳ್ಳೆಯವರೋ, ಅಜ್ಜಿ, ಕೆಟ್ಟವರೋ?
ಕೀಲಿ ತೆಗೆದು ತೋರಿಸಿದೆ.
"ಯಾವ ಬಾಗಿಲಿನದು?" ಅಂದ.
ಕಾರ್ಡು ತೋರಿಸಿದೆ.
ಕೆಳಗಿರುವ ಸಹಿ ಅವರದು, ಮಗು.
ಉಳಿದ ಅಕ್ಷರವೆಲ್ಲ ನನ್ನದು.
ನೋಡು, ಎಷ್ಟು ದುಂಡಗಿದೆ.