ಸದ್ಯಕ್ಕೆ ಬೇಡ

ಬೆಳಗಿನ ಜಾವ ನಾಲ್ಕೂವರೆಗೆ
ಸೀಗೆಹಟ್ಟಿ ಮೂಲೆಯ ಗುಂಡಿಗಿಳಿದು
ಕಬ್ಬಿಣದ ಕೀಲಿ ತಿರುವಿದರೆ
ಹನ್ನೊಂದು ಬೀದಿಗೆ ನೀರು.
ಇಪ್ಪತ್ತಾರು ವರ್ಷದಿಂದ ನಾನು ವಾಲ್ವ್‌ಮನ್.
ಹಾಲೇಶಪ್ಪ ಎಂಬ ಹೆಸರು ಸಂಬಳದ ಪಟ್ಟಿಗಷ್ಟೇ ಗೊತ್ತು,
ಮಿಕ್ಕವರಿಗೆಲ್ಲ ‘ನೀರು ಬಿಡೋನು’.

ಹಾಗಾಗಿ ಡಾಕ್ಟರಮ್ಮ ಪರದೆ ನನ್ನತ್ತ ತಿರುಗಿಸಿ
‘ನಿಮ್ಮ ಹೃದಯದಲ್ಲೊಂದು ವಾಲ್ವ್...’ ಅಂದಾಗ
ನಗು ಬಂದುಬಿಟ್ಟಿತು. ಅವರಿಗೆ ಸಿಟ್ಟು.
ಕಪ್ಪುಬಿಳುಪಿನಲ್ಲಿ ಮೀನಿನ ಬಾಯಿಯಂತೆ
ಅದು ತೆರೆಯಿತು, ಮುಚ್ಚಿತು,
ಪೂರ್ತಿ ಮುಚ್ಚಲಿಲ್ಲ.
ಮುಂದೆ ಹೋದ ನೆತ್ತರು ಒಂದಿಷ್ಟು
ಬಣ್ಣವಾಗಿ ಚಿಮ್ಮಿ ಹಿಂದಕ್ಕೆ.

‘ಯಾವಾಗ ಕುಯ್ಯೋದು?’
‘ಸದ್ಯಕ್ಕೆ ಬೇಡ. ಐವತ್ತು ಮುಟ್ಟಲಿ.’
ಮಿಲಿಮೀಟರಂತೆ. ಈಗ ನಲವತ್ತಾರು.
ಸರ್ವಮಂಗಳ ಹೊಲಿಗೆಯ ಟೇಪು ತಂದು
ನಲವತ್ತಾರರ ಗೆರೆಗೊಂದು, ಐವತ್ತರ ಗೆರೆಗೊಂದು
ಉಗುರಿಟ್ಟು ನೋಡಿದಳು.
‘ಇದರ ನಡುವೆ ಒಂದು ಕಾಜ ಹಿಡಿಸಲ್ಲ’ ಅಂದಳು.

ಆರು ತಿಂಗಳಿಗೊಮ್ಮೆ ಎದೆಗೆ ತಣ್ಣನೆ ಅಂಟು.
ನಲವತ್ತೇಳು. ನಲವತ್ತೇಳು.
‘ಏದುಸಿರು? ಸುಸ್ತು?’
‘ಇಲ್ಲ ಮೇಡಂ.’
ಟ್ಯಾಂಕಿನ ನೂರಾಹನ್ನೆರಡು ಮೆಟ್ಟಿಲಲ್ಲಿ
ನಲವತ್ತಕ್ಕೇ ನಿಂತು
ಬಾರದ ಫೋನನ್ನು ಕಿವಿಗಿಟ್ಟುಕೊಳ್ಳುವುದು
ಅವರಿಗ್ಯಾಕೆ?
ತಲೆದಿಂಬು ಎರಡಿದ್ದದ್ದು ಮೂರಾದದ್ದು?

ಮಳೆಗಾಲದಲ್ಲಿ ಈ ಊರಿಗೆ ಒಂದೇ ಪ್ರಶ್ನೆ:
ಮಂಟಪ ಮುಳುಗಿತಾ?
ಕೋರ್ಪಲಯ್ಯನ ಛತ್ರದ ಬಳಿ, ತುಂಗೆಯ ನಡುವೆ
ಕಲ್ಲಿನ ನೆತ್ತಿ ಕಾಣುವ ತನಕ
ಸೇತುವೆ ಮೇಲಿನ ಕೊಡೆಗಳಿಗೆಲ್ಲ ನೆಮ್ಮದಿ.
ನಾನೂ ಹೋಗಿ ನಿಂತೆ ಆಷಾಢದಲ್ಲಿ.
‘ಇನ್ನೂ ಎರಡಡಿ ಐತೆ’ ಅಂದರು ಯಾರೋ.
ಪಕ್ಕದಲ್ಲಿ ನಜೀರ್ ಸಾಬ್ ನಕ್ಕ;
ಅವನ ಮನೆ ಕುಂಬಾರಗುಂಡಿಯಲ್ಲಿ.
‘ಮಂಟಪ ನಾವು ನೋಡಲ್ಲ ಅಣ್ಣ.
ಬಚ್ಚಲ ಮೋರಿಯಲ್ಲಿ ನೀರು ಹಿಂದಕ್ಕೆ ಬಂತು ಅಂದ್ರೆ
ಹಾಸಿಗೆ ಸುತ್ತಿಬಿಡ್ತೀವಿ.’

ಆ ರಾತ್ರಿ ದಿಂಬಿಗೆ ಒರಗಿ ಕೂತೇ ಇದ್ದೆ.
ಲೋಹದ್ದು ಹಾಕಿದರೆ ಬಾಳಿಕೆ,
ಆದರೆ ಸಾಯುವ ತನಕ ನೆತ್ತರು ತೆಳುವಾಗುವ ಮಾತ್ರೆ,
ಸೊಪ್ಪಿನ ಸಾರಿಗೂ ಲೆಕ್ಕ.
ಇನ್ನೊಂದು ಬಗೆಯದು ಮೆತ್ತಗೆ,
ಹತ್ತು ಹದಿನೈದು ವರ್ಷಕ್ಕೆ ಮತ್ತೆ ಎದೆ ತೆರೆಯಬೇಕು.
‘ಲೋಹದ್ದು ರಾತ್ರಿ ಟಿಕ್ ಟಿಕ್ ಅನ್ನತ್ತಂತೆ’ ಅಂದೆ,
ಅವಳು ನಿದ್ದೆಯಲ್ಲಿದ್ದಾಳೆ ಅಂದುಕೊಂಡು.
‘ಅನ್ನಲಿ’ ಅಂದಳು ಕತ್ತಲಲ್ಲೇ.
‘ಈಗ ಮೂಗಿನ ಹತ್ತಿರ ಕೈಯಿಟ್ಟು ನೋಡ್ತೀನಲ್ಲ,
ಅದಾದರೂ ತಪ್ಪತ್ತೆ.’

ನಾಳೆ ಎಕೋ. ಎಷ್ಟೇ ಬರಲಿ,
ಮೆಟ್ಟಿಲ ಲೆಕ್ಕ ಹೇಳುತ್ತೇನೆ.
ದಿಂಬಿನ ಲೆಕ್ಕ ಅವಳೇ ಹೇಳಿಯಾಳು.

ಇವತ್ತು ಹೊಸ ಹುಡುಗ ಲೋಹಿತನ ಕೈಗೆ ಕೀಲಿ ಕೊಟ್ಟೆ.
ಮೂರನೇ ಗುಂಡಿಯದು ಉಲ್ಟಾ ತಿರುಗತ್ತೆ, ಮರೀಬೇಡ.
ಒಂದೇ ಸಲಕ್ಕೆ ಬಿಗೀಬೇಡ, ಹಳೇ ಪೈಪು ಒಡೆಯತ್ತೆ.
ಕೊನೇ ಮನೆ ಅಜ್ಜಿಗೆ ಕೊಡ ತುಂಬುವ ತನಕ ತಡಿ.
ಅವನು ಕೇಳಿದ: ‘ಎಷ್ಟು ದಿನ ರಜ ಅಣ್ಣ?’
ಗುಂಡಿಯ ಮುಚ್ಚಳ ಇಬ್ಬರೂ ಸೇರಿ ಎಳೆದೆವು.
ಭಾರ ಅವನ ಕಡೆಗೇ ಹೆಚ್ಚಿತ್ತು.