ಇನ್ನಿಬ್ಬರು ಬಂದರೆ ಹೊರಡುತ್ತದೆ

ಎಂಟು ಹಾಸಿಗೆಯ ಕೋಣೆ. ನನಗೆ ಸಿಕ್ಕಿದ್ದು ಮೇಲಿನದು.
ಕೆಳಗಿದ್ದ ಚಿಲಿ ದೇಶದ ಹುಡುಗ ಎದ್ದು ನಿಂತು
'ಬದಲಿಸೋಣವೇ?' ಎಂದ. ಅವನ ಅಮ್ಮನಿಗೂ ಮಂಡಿನೋವಂತೆ.
ಬೇಡಪ್ಪ ಎಂದೆ, ಬಿಂಕಕ್ಕೆ.
ರಾತ್ರಿ ಎರಡು ಸಲ ಕಬ್ಬಿಣದ ಏಣಿ ಇಳಿದು ಹತ್ತುವಾಗ
ಏಳು ನಿದ್ದೆಗಳ ನಡುವೆ
ನನ್ನ ಮಂಡಿಯೊಂದೇ ಮಾತಾಡುತ್ತಿತ್ತು.

ಐವತ್ಮೂರು ನನಗೆ.
ಇಪ್ಪತ್ನಾಲ್ಕು ವರ್ಷ ಚಕ್ರದ ಪೆಟ್ಟಿಗೆ ಎಳೆದವಳು.
ಗುಳುಗುಳು ಎನ್ನುತ್ತ ಅದು ಹಿಂದೆ ಹಿಂದೆಯೇ ಬರುತ್ತಿತ್ತು,
ಸಾಕಿದ ನಾಯಿಯಂತೆ; ತಿರುಗಿ ನೋಡಬೇಕಾಗಿರಲಿಲ್ಲ.
ಆಫೀಸು ಹಿಡಿದುಕೊಟ್ಟ ಹೋಟೆಲುಗಳಲ್ಲಿ
ದಿಂಬಿನ ಮೇಲೊಂದು ಚಾಕೊಲೇಟು.
ಬೆಳಿಗ್ಗೆ ಎದ್ದರೆ, ಊರು ಯಾವುದೆಂದು ತಿಳಿಯಲು
ಸೋಪಿನ ಹೊದಿಕೆ ಓದಬೇಕಿತ್ತು.

ಈ ಸಲ ಅಟ್ಟದಿಂದ ಇಳಿಸಿದ್ದು ಆ ಹಳೆಯ ಬೆನ್ನಚೀಲ.
ಹಸಿರು ಮಾಸಿ ಪಾಚಿಬಣ್ಣ.
ಒಳಗೆ ಡಾಂಬರು ಗುಳಿಗೆ, ಯಾವ ಕಾಲದ್ದೋ ಬೆವರು,
ಪಕ್ಕದ ಜೇಬಿನಲ್ಲಿ ಲಾವೋಸಿನ ಐನೂರು ಕಿಪ್ಪಿನ ನೋಟು.
ಆಗಲೂ ಅದಕ್ಕೆ ಬಾಳೆಹಣ್ಣಿಗಿಂತ ಹೆಚ್ಚೇನೂ ಬರುತ್ತಿರಲಿಲ್ಲ.

ಕರಕೋಲ್ ಊರಿನ ಸಂತೆಬೀದಿಯಲ್ಲಿ
ಎಡದ ಪಟ್ಟಿ ಪಟ್ಟನೆ ಹರಿಯಿತು.
ಅತ್ತ ಸೇಬಿನ ರಾಶಿ, ಇತ್ತ ಸಮ್ಸಾ ಒಲೆಯ ಈರುಳ್ಳಿ ಹೊಗೆ,
ನಡುವೆ ನಾನು, ಒಂದೇ ಭುಜಕ್ಕೆ ವಾಲಿದ ತಕ್ಕಡಿ.

ಚಪ್ಪಲಿ ಹೊಲಿಯುವ ಇಮಿನ್‌ಜಾನ್ ತಗಡಿನ ಗೂಡಿನಲ್ಲಿದ್ದ.
ಚೀಲವನ್ನು ತೊಡೆಯ ಮೇಲೆ ಮಲಗಿಸಿಕೊಂಡು
ಮಗುವಿನ ಹಲ್ಲು ನೋಡುವವನಂತೆ
ಪಟ್ಟಿಯ ಬುಡ ಬಿಡಿಸಿ ನೋಡಿದ.
ಹರಿದದ್ದರ ಪಕ್ಕದಲ್ಲೇ ಇನ್ನೊಂದು ಹೊಲಿಗೆ, ದಪ್ಪ, ನೀಲಿ.
ಎತ್ತಿದ ಕತ್ತರಿ ಇಳಿಸಿದ.
ಇದು ಯಾರ ಕೈ, ಎಂದಿತು ಅವನ ಹುಬ್ಬು.

ಹೇಗೆ ಹೇಳಲಿ, ಇರುವ ಹತ್ತೇ ರಷ್ಯನ್ ಪದಗಳಲ್ಲಿ?
ನಾಮ್ ಥಾ ಹೊಳೆಯ ದಂಡೆ, ಬಲೆ ಹೆಣೆಯುತ್ತಿದ್ದ ಮುದುಕಿ,
ಆ ಬಲೆಯದೇ ಒಂದು ಮಾರು ನೂಲು ಹಲ್ಲಿನಿಂದ ಕಡಿದು
ಹೊಲಿದುಕೊಟ್ಟದ್ದು; ದುಡ್ಡು ತೆಗೆದರೆ
ಹೋಗು ಹೋಗು, ದೋಣಿ ಬಂತು ಎಂದು ಕೈಬೀಸಿದ್ದು.
ಬಲೆ ಎಸೆದೆ ಗಾಳಿಯಲ್ಲಿ. ಬಾಯಿ ತೆರೆದು ಮುಚ್ಚಿ ಮೀನಾದೆ.
ಪಕ್ಕದಂಗಡಿಯ ಹುಡುಗಿ ಬಿದ್ದು ಬಿದ್ದು ನಕ್ಕಳು.
ಅವನು ನಗಲಿಲ್ಲ. ಉಗುರಿನಿಂದ ನೀಲಿ ಗಂಟುಗಳನ್ನು
ಒಂದೊಂದಾಗಿ ಮುಟ್ಟಿ
'ಖರಶೋ' ಎಂದ, ನನಗಲ್ಲ, ಆ ಗಂಟುಗಳಿಗೆ.
ಮತ್ತೆ ಮುದುಕಿಯ ಹೊಲಿಗೆ ಅಲುಗಿಸದೆ
ಅದರ ಮಗ್ಗುಲಿಗೆ ತನ್ನ ಕಪ್ಪು ದಾರ ಹಾಕಿದ.

ನೂರು ಸೋಮ್. ಕೊಟ್ಟೆ. ತೆಗೆದುಕೊಂಡ.
ಒಳ್ಳೆಯದೇ ಆಯಿತು. ಇಬ್ಬರ ಋಣ ಹೊರುವಷ್ಟು
ಪಟ್ಟಿ ಗಟ್ಟಿಯಿಲ್ಲ.

ಈಗ ಮಾರ್ಶ್ರುತ್ಕಾದಲ್ಲಿ ಕೂತಿದ್ದೇನೆ.
ತುಂಬಿದರಷ್ಟೇ ಹೊರಡುವ ಗಾಡಿ. ಇನ್ನಿಬ್ಬರು ಬೇಕು.
ಹೋದ ವರ್ಷದ ನಾನಾಗಿದ್ದರೆ
ಖಾಲಿ ಸೀಟೆರಡರ ದುಡ್ಡು ಎಣಿಸಿ, ನಡಿ ಎನ್ನುತ್ತಿದ್ದೆ.
ಪಕ್ಕದ ಬುರುಲ್ ಅಜ್ಜಿ ಸೆರಗಿನಂಥ ರುಮಾಲು ಬಿಚ್ಚಿ
ಕುರುತ್ ಕೊಟ್ಟಳು, ಒಣಗಿದ ಮೊಸರಿನ ಗೋಲಿ.
ಮೊದಲು ಕಲ್ಲು, ಆಮೇಲೆ ಉಪ್ಪು, ಆಮೇಲೆ
ಚಿಗಳಿ ಚೀಪುವಾಗ ಒಂದು ಕಣ್ಣು ತಾನಾಗಿ ಮುಚ್ಚುವ ಹುಳಿ.
ನನ್ನ ಮುಖ ನೋಡಿ ಅವಳೂ ಒಂದು ಕಣ್ಣು ಮುಚ್ಚಿದಳು.

ಚೀಲ ತೊಡೆಯ ಮೇಲಿದೆ. ಹದಿಮೂರು ಕಿಲೋ. ಜಾಸ್ತಿಯೇ.
ಕೂದಲೊಣಗಿಸುವ ಯಂತ್ರವನ್ನು ಬೆಳಿಗ್ಗೆ
ಹಾಸ್ಟೆಲಿನ 'ಬೇಕಾದವರು ಒಯ್ಯಿರಿ' ಪೆಟ್ಟಿಗೆಗೆ ಹಾಕಿ ಬಂದೆ;
ನಾನು ಬಾಗಿಲು ದಾಟುವ ಮೊದಲೇ ಚಿಲಿಯ ಹುಡುಗ
ಅದರಿಂದ ಸಾಕ್ಸ್ ಒಣಗಿಸುತ್ತಿದ್ದ.
ಇನ್ನೂ ಏನೇನು ಬಿಡಬೇಕೋ,
ಮಂಡಿ ಹೇಳಿದಂತೆ.

ಅಗೋ, ಒಬ್ಬ ಓಡಿ ಬರುತ್ತಿದ್ದಾನೆ, ಕಂಕುಳಲ್ಲಿ ಹುಂಜ.
ಡ್ರೈವರ್ ಹಿಂದೆ ತಿರುಗಿ ನಮಗೆಲ್ಲ
ಒಂದು ಬೆರಳು ತೋರಿಸಿದ.